ಸಿಕ್ಕ ಸಿಕ್ಕಲ್ಲೆಲ್ಲ ವಿರೂಪಾಕ್ಷಪ್ಪ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ, ನೂರಬಿ ಕುದಿಸಿಕೊಟ್ಟ ಮೈದಾ ಹಿಟ್ಟಿನ ಅಂಟು.

ಮಗ ಇಸ್ರಾರ ಕೇಳಿದ್ದು ಒಂದೇ ಒಂದು ಪೋಸ್ಟರ್ ಗೋಡೆಗೆ ಹಚ್ಚುವಷ್ಟು. ಅದೂ ಶೂಟಿಂಗ್ ಮುಗಿಯುವ ತನಕ ನಿಂತು, ಆಮೇಲೆ ಎಳೆದರೆ ಸುಮ್ಮನೆ ಕೈಗೆ ಬರುವಂಥದ್ದು. ಆದರೆ ನೂರಬಿಗೆ ಅರೆಬರೆ ಕೆಲಸ ಮಾಡಿ ಗೊತ್ತಿಲ್ಲ. ಬೀಗರಿಗೆ ಪಾಯಸ ಮಾಡುವ ಶ್ರದ್ಧೆಯಿಂದ ಒಲೆಯ ಮುಂದೆ ಕುಳಿತು, ಗಂಟು ಬಾರದಂತೆ ತಿರುವಿ, ತಣಿಸಿ, ಡಬ್ಬಿ ತುಂಬಿ ಕೊಟ್ಟಳು. ಆ ಅಂಟಿನಿಂದ ಒಂದು ಗೋಡೆಯನ್ನು ಇನ್ನೊಂದು ಗೋಡೆಗೆ ಅಂಟಿಸಬಹುದಿತ್ತು.

ಪೋಸ್ಟರ್ ಬರೆದವನು ಸಿದ್ಧಾರೂಢ. ದೊಡವಾಡದ ಹುಡುಗ, ಬೈಲಹೊಂಗಲದ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದ. ಇಸ್ರಾರ ಅದೇ ಓಣಿಯವನು, ಅದೇ ತರಗತಿಯವನು. ಅವರ ಸಂಘಮಿತ್ರಾ ಮೇಡಂ ಈ ಸಲ ಕಿರುಪರೀಕ್ಷೆಯ ಬದಲು ಹೊಸ ಕೆಲಸ ಕೊಟ್ಟಿದ್ದರು. ಇಬ್ಬಿಬ್ಬರು ಸೇರಿ ಒಂದು ಥ್ರಿಲ್ಲರ್ ಸಿನೆಮಾದ ಆರಂಭದ ದೃಶ್ಯ ತೆಗೆದುಕೊಂಡು ಬರಬೇಕು, ತರಗತಿಯಲ್ಲಿ ತೋರಿಸಬೇಕು, ಆಮೇಲೆ ಎದ್ದು ನಿಂತು ಆತ್ಮಾವಲೋಕನ ಮಾಡಿಕೊಳ್ಳಬೇಕು. ಏನು ಮಾಡಿದೆ, ಎಲ್ಲಿ ಎಡವಿದೆ, ಏನು ಕಲಿತೆ ಎಂದು ನಾಲ್ಕು ಮಂದಿಯೆದುರು ಒಪ್ಪಿಸಬೇಕು. "ಏನರ ಮಾಡ್ರಿ, ನೋಡೋ ಮಂದಿ ನಂಬಬೇಕು," ಎಂದಿದ್ದರು ಮೇಡಂ.

ಸಿದ್ಧಾರೂಢ ಕತೆ ಹೊಸೆದ. ಕೊಲೆಯೊಂದನ್ನು ಕಣ್ಣಾರೆ ಕಂಡ ಮುದುಕನೊಬ್ಬ ನೆನಪು ಕಳೆದುಕೊಂಡು ಮನೆ ಬಿಟ್ಟು ಹೋಗಿದ್ದಾನೆ. ಮೊದಲ ಶಾಟ್‌ನಲ್ಲಿ ಬಸ್ ನಿಲ್ದಾಣದ ಗೋಡೆ, ಗೋಡೆಯ ಮೇಲೆ ಪೋಸ್ಟರ್: "ಕಾಣೆಯಾಗಿದ್ದಾರೆ. ಹೆಸರು ವಿರೂಪಾಕ್ಷಪ್ಪ. ನೆನಪಿನ ಶಕ್ತಿ ಕಳೆದುಕೊಂಡಿದ್ದು, ಕೇಳಿದರೆ ತಾನು ವಿರೂಪಾಕ್ಷಪ್ಪನೇ ಅಲ್ಲ ಎನ್ನುತ್ತಾರೆ. ಪತ್ನಿ ಕಮಲಾಕ್ಷಿ ಅನ್ನ-ನೀರು ಬಿಟ್ಟಿದ್ದಾರೆ. ಸುಳಿವು ಸಿಕ್ಕವರು ಮಗನನ್ನು ಸಂಪರ್ಕಿಸಿ." ಕೆಳಗೆ ಸಿದ್ಧಾರೂಢನದೇ ಫೋನ್ ನಂಬರು. ಸುಳ್ಳು ನಂಬರು ಹಾಕಿದರೆ ಯಾರೋ ಪಾಪದವರಿಗೆ ತೊಂದರೆಯಾದೀತೆಂದು ಅವನು ಹೆದರಿದ್ದ. ಅಷ್ಟು ಒಳ್ಳೆಯ ಹುಡುಗ.

ಫೋಟೋ ಮಾತ್ರ ಪಕ್ಕದ ಮನೆಯ ಬಸಯ್ಯನದು. ಒಂದು ಮಧ್ಯಾಹ್ನ ಬಸಯ್ಯ ಕಟ್ಟೆಯ ಮೇಲೆ ಜಗತ್ತನ್ನೇ ಕಳೆದುಕೊಂಡವನಂತೆ ಕುಳಿತಿದ್ದ. ಕಳೆದದ್ದು ಬರೇ ನಶ್ಯದ ಡಬ್ಬಿ. "ಒಂದು ಫೋಟೋ ತಗೀಲೇನ್ರಿ ಕಾಕಾ?" ಎಂದರೆ "ತಗಿ" ಎಂದಿದ್ದ. ಯಾಕೆ ಎಂದು ಅವನೂ ಕೇಳಲಿಲ್ಲ, ಸಿದ್ಧಾರೂಢನೂ ಹೇಳಲಿಲ್ಲ.

ಹಿಂದಿನ ಸಂಜೆ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಗೋಡೆಯ ಶಾಟ್ ಸೊಗಸಾಗಿ ಬಂತು. ಆಮೇಲೆ ಪೋಸ್ಟರ್ ಕೀಳಲು ಹೋದರೆ ಅದು ಅಲುಗಲಿಲ್ಲ. ಉಗುರು ಹಾಕಿದರು, ಬೀಗದ ಕೈ ಹಾಕಿದರು. ಇಸ್ರಾರ ಗೋಡೆಗೆ ಕಾಲು ಕೊಟ್ಟು ಎಳೆಯಲು ಹೋಗಿ ಹಿಂದಕ್ಕೆ ಬಿದ್ದು, ಬಾಳೆಹಣ್ಣಿನವಳಿಂದ ಬೈಸಿಕೊಂಡ. ಅಷ್ಟರಲ್ಲಿ ದೊಡವಾಡದ ಬಸ್ಸು ಹೊರಟಿತು. "ನಾಳೆ ಕಿತ್ತರಾತು ಬಾರೋ," ಎಂದು ಇಬ್ಬರೂ ಓಡಿ ಹತ್ತಿದರು.

ಮರುದಿನ ಮಧ್ಯಾಹ್ನದ ಮೇಲೆ ಎಲ್ಲರ ಸಿನೆಮಾ ತೋರಿಸುವುದಿತ್ತು. ಬೆಳಿಗ್ಗೆ ಬಸಯ್ಯನನ್ನು ಗೋವಿನಜೋಳದ ಹೊಲದಲ್ಲಿ ಅತ್ತಿಂದಿತ್ತ ನಡೆಸಿ ಒಂದು ಶಾಟ್ ತೆಗೆದರೆ ಮುಗಿಯಿತು. ಸಿದ್ಧಾರೂಢನ ಅಪ್ಪ ಅವ್ವ ಬೇರೆ ಊರಿಗೆ ಯಾರದೋ ಮದುವೆಗೆ ಹೋಗಿದ್ದರು, ಮನೆ ಖಾಲಿ. ಸಿದ್ಧಾರೂಢ ಹಾಡು ಗುನುಗುತ್ತ ಪಕ್ಕದ ಮನೆಗೆ ಹೋದ. ಬಸಯ್ಯ ಇರಲಿಲ್ಲ.

"ಸವದತ್ತಿಗೆ ಹೋಗ್ಯಾನ," ಎಂದಳು ಅವನ ಹೆಂಡತಿ ಯಲ್ಲವ್ವ. "ಎತ್ತು ನೋಡಾಕ."

ಕೊಳ್ಳುವ ಇರಾದೆಯೇ ಇಲ್ಲದೆ ಎತ್ತು ಚೌಕಾಶಿ ಮಾಡುವುದು ಬಸಯ್ಯನ ಹವ್ಯಾಸ. ಯಾವ ಊರಿನ ದನದ ಸಂತೆಯಲ್ಲಿ ಯಾವ ಎತ್ತಿಗೆ ಎಷ್ಟು ಹಲ್ಲು ಎಂದು ಬಾಯಿಪಾಠ. ಮನೆಯಲ್ಲಿ ಮಾತ್ರ ಒಂದು ಕರುವೂ ಇಲ್ಲ. ಸಿದ್ಧಾರೂಢ ತಲೆ ಕೆರೆದುಕೊಳ್ಳುತ್ತ ನಿಂತಿರುವಾಗಲೇ ಫೋನು ಬಡಿದುಕೊಂಡಿತು.

"ವಿರೂಪಾಕ್ಷಪ್ಪನ ಮಗ ಏನಪಾ?"

"ಅಲ್ರಿ. ಅಂದ್ರ, ಹೌದ್ರಿ, ಆದ್ರ..."

"ನಿಮ್ಮಪ್ಪ ಸಿಕ್ಕಾನ. ದೇಗಾಂವದ ಗುಡಿ ಕಟ್ಟಿಮ್ಯಾಲೆ ಕುಂತಿದ್ದ. ಹಿಡದು ಇಟ್ಟೇವಿ."

ಯಾರೋ ಪೋಸ್ಟರಿನ ಫೋಟೋ ಹೊಡೆದು ವಾಟ್ಸಪ್ಪಿಗೆ ಹಾಕಿದ್ದರು. ಅದು ರಾತ್ರಿಯೆಲ್ಲ ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹಾರಿ, ಯಾವ ಮುದುಕನಿಗೂ ಹೊಂದುವಷ್ಟು ಮಸುಕಾಗಿ, ಬೆಳಗಾಗುವುದರೊಳಗೆ ಕಿತ್ತೂರು, ಸವದತ್ತಿ, ರಾಮದುರ್ಗ ಎಲ್ಲ ಮುಟ್ಟಿತ್ತು.

"ಅವರು ನಮ್ಮಪ್ಪ ಅಲ್ರಿ! ವಿರೂಪಾಕ್ಷಪ್ಪ ಅನ್ನಾವರ ಇಲ್ರಿ!"

"ಅವನೂ ಹಂಗ ಅನ್ನಾಕತ್ತಾನ. ನಾ ವಿರೂಪಾಕ್ಷಪ್ಪ ಅಲ್ಲೋ ಮಾರಾಯಾ ಅಂತ ಒಂದ ಸಮನ ಒದರಾಕತ್ತಾನ. ಪೋಸ್ಟರನ್ಯಾಗ ಬರದಂಗ ಐತಿ ನೋಡು, ಖರೆ."

"ಅದು ಸಿನೆಮಾರೀ!"

"ಸಿನೆಮಾ ಆಮ್ಯಾಲ ನೋಡಾಕ ಹೋಗಾಂತಿ. ಹಡದಪ್ಪನ್ನ ನಮ್ಮಪ್ಪ ಅಲ್ಲ ಅಂತೀಯಲ್ಲೋ, ನಾಚಿಕಿ ಬರೂದಿಲ್ಲ? ಯಾವ ಊರ ನಿಂದು?"

ಬೈಗುಳದ ರಭಸಕ್ಕೆ ಸಿದ್ಧಾರೂಢನ ಬಾಯಿಂದ "ದೊಡವಾಡ್ರಿ" ಎಂದು ಜಾರಿಬಿಟ್ಟಿತು. ಪೋಸ್ಟರಿನ ಬೆನ್ನಿಗೆ ಊರಿನ ಹೆಸರೂ ವಾಟ್ಸಪ್ಪಿನಲ್ಲಿ ಹೊರಟಿತು. ಫೋನಿಟ್ಟ ಮೇಲೆ ಆತ್ಮಾವಲೋಕನಕ್ಕೆ ಒಂದು ಮಾತು ಹೊಳೆಯಿತು: ಕತೆಯಲ್ಲಿ ಮುದುಕನಿಗೆ ಮರೆವಿನ ರೋಗ ಇಡಬಾರದಿತ್ತು, ಮಂಡಿನೋವು ಇಡಬೇಕಿತ್ತು.

ಹೊತ್ತೇರುವುದರೊಳಗೆ ಟಂಟಂ ಆಟೋ ಓಡಿಸುವ ಹಜರತಸಾಬ ಓಣಿಯ ಬಾಯಿಯಿಂದಲೇ ಹಾರ್ನು ಹೊಡೆಯುತ್ತ ಬಂದ. ಹಿಂದಿನ ಸೀಟಿನಲ್ಲಿ ಇಬ್ಬರು ತರುಣರ ನಡುವೆ, ದೇಗಾಂವದ ಮುದುಕ ಬೆಲ್ಲದ ಪೆಂಟೆಯಂತೆ ಒತ್ತಿಕೊಂಡು ಕುಳಿತಿದ್ದ.

"ತಗೋ ಸಿದ್ದೂ, ನಿಮ್ಮಪ್ಪ!" ಎಂದ ಹಜರತಸಾಬ. ಮರುಕ್ಷಣ ಅವನಿಗೇ ಅನುಮಾನ ಬಂತು. "ಅಲ್ಲೋ, ನಿಮ್ಮಪ್ಪ ಹಿಂಗ ಇದ್ದಿದ್ದಿಲ್ಲಲ್ಲ?"

"ಇವರು ನಮ್ಮಪ್ಪ ಅಲ್ಲರಿ ಚಾಚಾ!"

"ನಾ ಬಡಕೊಳ್ಳಾಕತ್ತಿಲ್ಲೇನು ಮುಂಜಾನಿಂದ!" ಎಂದ ಮುದುಕ. "ಮೊಮ್ಮಗಳ ಲಗ್ನಪತ್ರಿಕೆ ಗುಡಿಯಾಗಿಟ್ಟು ಕಟ್ಟಿಮ್ಯಾಲೆ ಕುಂತಿದ್ದೆ. ನಿಮ್ಮಪ್ಪ ಆಗಿಬಿಟ್ಟೆ!"

ಅವನಿಗೆ ನೀರು ಕೊಟ್ಟು ಕೂಡಿಸುವಷ್ಟರಲ್ಲಿ ಕಟಕೋಳದಿಂದ ಮೋಟರ್ ಸೈಕಲ್ಲಿನ ಮೇಲೆ ಇನ್ನೊಬ್ಬ ಬಂದಿಳಿದ. ಹೆಸರು ಹಣಮಂತಪ್ಪ. ಅವನ ಹಿಂದೆ ಮೂರನೆಯವನು. ಅವನಿಗೆ ಕಿವಿ ಕೇಳುತ್ತಿರಲಿಲ್ಲವಾದ್ದರಿಂದ ಎಲ್ಲಿಯವನೆಂದು ಸಂಜೆಯ ತನಕ ಯಾರಿಗೂ ತಿಳಿಯಲಿಲ್ಲ. ನೂರಬಿ ಕಿತ್ತಲಿ ತುಂಬ ಚಹಾ ತಂದಳು. ಮೂವರೂ ಕಟ್ಟೆಯ ಮೇಲೆ ಸಾಲಾಗಿ ಕುಳಿತು ಬಶಿಯಲ್ಲಿ ಸುರಿದುಕೊಂಡು ಸೊರ್ ಎಂದು ಕುಡಿದರು.

ಹಣಮಂತಪ್ಪ ಮೊದಲ ಗುಟುಕಿಗೇ ಕಣ್ಣು ಮುಚ್ಚಿದ. "ಸಕ್ರಿ ಹಾಕೀರೇನವ್ವಾ?"

"ಹಾಕದ ಮತ್ತ?" ಎಂದಳು ನೂರಬಿ.

"ನಮ್ಮ ಸೊಸೆಂದಿರು ವರ್ಷಾತು, ಸಕ್ರಿ ಮುಖಾನ ತೋರಿಸಿಲ್ಲ." ಹಣಮಂತಪ್ಪ ಬಶಿ ಕೆಳಗಿಟ್ಟು ಸಿದ್ಧಾರೂಢನ ತಲೆ ಸವರಿದ. "ನಾನ ವಿರೂಪಾಕ್ಷಪ್ಪ ಆಗತೇನಿ ಬಿಡಪಾ. ಇನ್ನೊಂದು ಬಶಿ ಹಾಕಸು."

ಸಿದ್ಧಾರೂಢ, ಅವ್ವನ ಹಿಂದೆಯೇ ಬಂದಿದ್ದ ಇಸ್ರಾರನನ್ನು ಮೂಲೆಗೆ ಎಳೆದ. "ನಿಮ್ಮ ಗಾಡಿ ತಗೊಂಡು ಬೈಲಹೊಂಗಲಕ್ಕ ಓಡು. ಒಂದು ಬಕೀಟ ಬಿಸಿನೀರು ಹೊಡದು ಮೊದಲ ಆ ಪೋಸ್ಟರ ಕೆರಿ. ಆಮ್ಯಾಲ ಮೇಡಂಗ ಎಲ್ಲಾ ಹೇಳು. ಇದು ನಮ್ಮ ಸಿನೆಮಾ ಅಂತ ಹೇಳು."

"ನಾ ಇದ್ದೇನಲ್ಲ," ಎಂದು ಎದೆ ತಟ್ಟಿಕೊಂಡು ಇಸ್ರಾರ ಹೋದ. ಹೋದವನು ಹೋದ.

ಇತ್ತ ಫೋನು ಮದುವೆ ಮನೆಯ ಬ್ಯಾಂಡಿನಂತೆ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. ಕಿತ್ತೂರಲ್ಲಿ ಸಿಕ್ಕಿದ್ದಾನೆ, ರಾಮದುರ್ಗದಲ್ಲಿ ಸಿಕ್ಕಿದ್ದಾನೆ, ಬಸ್ಸಿನಲ್ಲಿ ಟಿಕೀಟು ಇಲ್ಲದೆ ಸಿಕ್ಕಿದ್ದಾನೆ. ಒಬ್ಬಾಕೆಯಂತೂ ತನ್ನ ಸ್ವಂತ ಗಂಡನನ್ನೇ ಹಿಡಿದುಕೊಟ್ಟು, "ಇವನ್ನ ಒಯ್ದು ಒಂದೆರಡು ದಿನ ಇಟಗೊಳ್ರಿ," ಎಂದಳು. ಕೊನೆಗೆ ಬ್ಯಾಟರಿ ಮುಗಿದು ಫೋನು ಸತ್ತಿತು. ಕರೆಂಟು ಹೋಗಿತ್ತು. ಗೋಡೆಯ ಶಾಟ್ ಆ ಫೋನಿನಲ್ಲೇ ಇತ್ತು, ಕ್ಯಾಮೆರಾ ಎಂದರೂ ಆ ಫೋನೇ. ಎದುರಿಗೆ ಜಗತ್ತಿನ ಅತ್ಯುತ್ತಮ ದೃಶ್ಯ ನಡೆಯುತ್ತಿತ್ತು, ನಿರ್ದೇಶಕ ಬರಿಗೈಲಿ ನಿಂತಿದ್ದ.

ಸಾಲದ್ದಕ್ಕೆ ಎದುರು ಮನೆಯ ರಾಚವ್ವ ತನ್ನ ಫೋನು ಹಿಡಿದು ಯಲ್ಲವ್ವನ ಮನೆ ಹೊಕ್ಕಳು. ಒಳಗಿನಿಂದ ಹಿತ್ತಾಳೆ ತಾಟು ಬಿದ್ದ ಸದ್ದು. ಯಲ್ಲವ್ವ ಹೊರಗೆ ಬಂದಳು, ಕೈಯಲ್ಲಿ ಕಸಬರಿಗೆ.

"ಸಿದ್ಧಾರೂಢಾ! ನನ್ನ ಗಂಡನ ಫೋಟೋ ಹೌದು. ವಿರೂಪಾಕ್ಷಪ್ಪ ಯಾವಾಗ ಆದ ಅವ? ಮತ್ತ ಈ ಕಮಲಾಕ್ಷಿ ಅನ್ನಾಕಿ ಯಾರು?"

"ಯಾರೂ ಇಲ್ರಿ ಕಾಕು. ಸುಮ್ಮನ ಹುಟ್ಟಿಸಿದ್ದು."

"ಯಾರೂ ಇಲ್ಲದಾಕಿ ಅನ್ನ-ನೀರು ಹೆಂಗ ಬಿಡತಾಳ?" ಎಂದಳು ರಾಚವ್ವ. ಆಕೆಗೆ ಕಾನೂನು ಓದಿಸಬೇಕಿತ್ತು.

"ಮಗಾ ಬ್ಯಾರೆ ಅದಾನಂತ!" ಯಲ್ಲವ್ವನ ದನಿ ಒಡೆಯಿತು.

"ಮಗಾ ನಾನ್ರಿ!" ಎಂದುಬಿಟ್ಟ ಸಿದ್ಧಾರೂಢ.

ಓಣಿಗೆ ಓಣಿಯೇ ಉಸಿರು ಬಿಗಿ ಹಿಡಿಯಿತು. ರಾಚವ್ವ ಬಾಯಿಗೆ ಸೆರಗು ಒತ್ತಿಕೊಂಡಳು. ಕಿವಿ ಕೇಳದ ಮುದುಕ ಕೂಡ ಈ ಕಡೆ ತಿರುಗಿದ.

"ಸಿನೆಮಾದಾಗ್ರೀ! ಸಿನೆಮಾದಾಗ!"

"ನೀ ಅವನ ಪರ ಮುಚ್ಚಿಡಾಕತ್ತೀದಿ," ಎಂದಳು ಯಲ್ಲವ್ವ. ಕಣ್ಣಂಚು ಒದ್ದೆಯಾಗಿತ್ತು. "ಸವದತ್ತಿ ಸವದತ್ತಿ ಅಂತ ಹಗಲೆಲ್ಲಾ ಓಡತಾನ. ಎತ್ತ ನೋಡಾಕಂತ. ಇಷ್ಟು ವರ್ಷಾತು, ಮನಿಗೆ ಎತ್ತೂ ಬಂದಿಲ್ಲ, ಎತ್ತಿನ ಬಾಲನೂ ಬಂದಿಲ್ಲ. ನಾ ಹುಚ್ಚಿಗತೆ ರೊಟ್ಟಿ ಕಟ್ಟಿ ಕಳಸತಿದ್ದೆ. ಕಮಲಾಕ್ಷಿ ತಿಂತಿದ್ದಳು ಕಾಣತೈತಿ."

ಯಲ್ಲವ್ವ ಸಣ್ಣಂದಿನಿಂದ ಸಿದ್ಧಾರೂಢನಿಗೆ ಹೋಳಿಗೆ ತಿನ್ನಿಸಿದವಳು. "ಕಾಕು, ಆಣಿ ಮಾಡಿ ಹೇಳತೇನಿ..." ಎಂದು ಮುಂದೆ ಬಂದ. ಆಕೆ ಕಸಬರಿಗೆ ಎತ್ತಿದಳು. ಅವನು ಹಿಂದೆ ಹೋದ.

"ಅವ ಬರೂತನಕ ನೀ ಎಲ್ಲೂ ಹೋಗೂವಂಗಿಲ್ಲ. ರಾಚವ್ವಾ, ಬಾಗಲಾ ಕಾಯ್!"

ಕಾಲೇಜಿಗೆ ಹೋಗುವ ಬಸ್ಸು ಊರು ದಾಟಿ ಹೋದ ಸದ್ದು ಕೇಳಿಸಿತು. ಸಿದ್ಧಾರೂಢ ಮೂವರು ಮುದುಕರ ಪಕ್ಕದಲ್ಲಿ ನಾಲ್ಕನೆಯವನಾಗಿ ಕುಳಿತ. ಈಗ ತರಗತಿಯಲ್ಲಿ ಇಬ್ಬಿಬ್ಬರಾಗಿ ಎದ್ದು ಸಿನೆಮಾ ತೋರಿಸುತ್ತಿರಬೇಕು. ಇಸ್ರಾರ ಮೇಡಂಗೆ ಎಲ್ಲ ಹೇಳಿರಬೇಕು. ಮೇಡಂ ನಕ್ಕಿರಬೇಕು. ಒಂದು ಪೋಸ್ಟರಿನಿಂದ ಮೂರು ತಾಲೂಕು ನಂಬಿಸಿದ ಹುಡುಗ ಇನ್ನಾರಿದ್ದಾನೆ? ಯೋಚಿಸಿದಷ್ಟೂ ಅವನಿಗೆ ಧೈರ್ಯ ಬಂತು. ಕೊನೆಗೆ ಅವನು ಆತ್ಮಾವಲೋಕನದ ಮಾತುಗಳನ್ನು ಮನಸ್ಸಿನಲ್ಲೇ ಜೋಡಿಸತೊಡಗಿದ: "ನನ್ನ ಸಿನೆಮಾದ ಶಕ್ತಿ ನನಗೇ ತಿಳಿದಿರಲಿಲ್ಲ..."

ಬಿಸಿಲು ಇಳಿಯುವ ಹೊತ್ತಿಗೆ ಓಣಿಯಲ್ಲಿ ಜೈಕಾರ ಕೇಳಿಸಿತು. ಎರಡು ಟಂಟಂ ತುಂಬ ಕಾಲೇಜಿನ ಹುಡುಗರು ಹುಡುಗಿಯರು. ಎಲ್ಲರ ಕೈಯಲ್ಲೂ ಫೋನು, ಎಲ್ಲ ಫೋನುಗಳೂ ಚಿತ್ರ ತೆಗೆಯುತ್ತಿದ್ದವು. ಮುಂದಿನ ಟಂಟಂನಿಂದ ಸಂಘಮಿತ್ರಾ ಮೇಡಂ ಇಳಿದರು. ಅವರ ಹಿಂದೆ, ಎರಡು ರಟ್ಟೆಗೆ ಇಬ್ಬರು ಹುಡುಗರು ಜೋತುಬಿದ್ದ ಬಸಯ್ಯ. ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು, ಕೊರಳಲ್ಲಿ ಯಾರೋ ಹಾಕಿದ ಚೆಂಡುಹೂವಿನ ಮಾಲೆ.

"ಸಿಕ್ಕರು!" ಮೇಡಂ ದನಿಯಲ್ಲಿ ಗೆಲುವು ಉಕ್ಕುತ್ತಿತ್ತು. "ಬೈಲಹೊಂಗಲ ಬಸ್‌ಸ್ಟ್ಯಾಂಡಿನ್ಯಾಗ, ತಮ್ಮ ಪೋಸ್ಟರಿಗೆ ತಾವ ಬೆನ್ನು ಕೊಟ್ಟು ನಿಂತಿದ್ರು, ಪಾಪ."

"ನಾ ಬಸಯ್ಯಾರೀ!" ಎಂದು ಬಸಯ್ಯ ಕೂಗಿದ. ದನಿ ಆಗಲೇ ಕಟ್ಟಿಹೋಗಿತ್ತು. "ದೊಡವಾಡದ ಬಸ್ಸಿಗೆ ನಿಂತಿದ್ನಿರಿ!"

"ದಾರಿಯುದ್ದಕ್ಕೂ ಹಿಂಗ ಅಂತಾರ," ಎಂದರು ಮೇಡಂ ಮರುಕದಿಂದ. ಆಗ ಸಿದ್ಧಾರೂಢ ಕಣ್ಣಿಗೆ ಬಿದ್ದ. "ನೀ ಇಲ್ಲಿದ್ದೀಯೇನು? ಇಲ್ಲಿ ಖರೆಖರೆ ಒಬ್ಬ ಮನುಷ್ಯಾ ಕಳದುಹೋಗ್ಯಾನ, ಸುಳ್ಳು ಥ್ರಿಲ್ಲರ್ ಯಾರಿಗೆ ಬೇಕು ಅಂತ ನಾ ಇವತ್ತಿನ ಕ್ಲಾಸು ರದ್ದು ಮಾಡಿದೆ. ಹುಡುಕ್ರಿ, ಹುಡುಕೂದನ್ನ ಶೂಟ್ ಮಾಡ್ರಿ, ಅದ ನಿಮ್ಮ ಸಿನೆಮಾ ಅಂದೆ. ಬಂದವರಿಗೆಲ್ಲಾ ಪೂರ್ತಿ ಮಾರ್ಕ್ಸು ಹಾಕಿ ಆತು. ಬಾರದಾವ ನೀ ಒಬ್ಬಾವನ. ಸೊನ್ನಿ!"

"ಮೇಡಂ, ಆ ಪೋಸ್ಟರ ನಂದ್ರಿ! ವಿರೂಪಾಕ್ಷಪ್ಪ ನನ್ನ ಸಿನೆಮಾರಿ! ಇಸ್ರಾರ ಹೇಳಿಲ್ಲೇನ್ರಿ?"

ಎರಡನೆಯ ಟಂಟಂನಿಂದ ಇಸ್ರಾರ ಇಳಿದ. ಕೈಯಲ್ಲಿ ಖಾಲಿ ಬಕೀಟು.

"ಇಸ್ರಾರ! ಹೇಳೋ!"

ಇಸ್ರಾರ ಆಕಾಶ ನೋಡಿದ. ಆಕಾಶದಲ್ಲಿ ಒಂದು ಕಾಗೆ ಹೋಗುತ್ತಿತ್ತು. ಅದು ಮರೆಯಾಗುವ ತನಕ ನೋಡಿದ. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ: "ಕೆರಿಯಾಕತ್ತಿದ್ದೆ, ಮೇಡಂ ಬಂದ್ರು. ಏನ್ ಮಾಡಾಕತ್ತೀದಿ ಅಂದ್ರು. ಗಟ್ಟಿ ಹಚ್ಚಾಕತ್ತೇನ್ರಿ ಅಂದೆ. ಶಾಬಾಸ್ ಅಂದ್ರು. ಪೂರ್ತಿ ಮಾರ್ಕ್ಸು ದೋಸ್ತಾ, ಅವ್ವಗ ಫೋನ್ ಮಾಡಿ ಹೇಳಿಬಿಟ್ಟೇನಿ."

"ಬ್ಯಾರೆಯವರ ದುಃಖಾನ ತನ್ನ ಅಸೈನ್‌ಮೆಂಟು ಅಂತಾನ!" ಮೇಡಂ ಕೆಂಪಾದರು. "ಇರಲಿ, ಈಗ ಅವರನ್ನ ಕೇಳೂಣು." ಅವರು ಬಸಯ್ಯನ ಎದುರು ನಿಂತು, ಮಗುವನ್ನು ಮಾತಾಡಿಸುವಂತೆ ಕೇಳಿದರು. "ಹಿರಿಯಾರ, ಸಮಾಧಾನದಿಂದ ನೆನಪು ಮಾಡ್ಕೊಳ್ರಿ. ನೀವು ಯಾರು?"

ಸಿದ್ಧಾರೂಢನಿಗೆ ಹೋದ ಜೀವ ಬಂತು. ಮುಗಿಯಿತು, ಇನ್ನು ಬಸಯ್ಯ ಹೇಳುತ್ತಾನೆ, ಇಡೀ ಓಣಿ ಹೌದೆನ್ನುತ್ತದೆ. ಬಸಯ್ಯ ಬಾಯಿ ತೆರೆದ. ಅದೇ ಗಳಿಗೆಗೆ ಗುಂಪು ಸೀಳಿಕೊಂಡು ಯಲ್ಲವ್ವ ಬಂದಳು. ಕಸಬರಿಗೆ ಕೈಯಲ್ಲೇ ಇತ್ತು.

"ಬಂದಿ? ಹೇಳ್, ಕಮಲಾಕ್ಷಿ ಹೆಂಗದಾಳ? ಅನ್ನ ಉಂಡಳೇನು? ಹೇಳ್, ನೀ ಬಸಯ್ಯ ಹೌದೋ ಅಲ್ಲೋ? ಬಸಯ್ಯ ಇದ್ದರ ಇತ್ತಾಗ ಬಾ, ಇವತ್ತ ನಿನ್ನ ಬೆನ್ನ ನೋಡತೇನಿ!"

ಬಸಯ್ಯ ಕಸಬರಿಗೆ ನೋಡಿದ, ಯಲ್ಲವ್ವನ ಕಣ್ಣು ನೋಡಿದ, ಮತ್ತೆ ಕಸಬರಿಗೆ ನೋಡಿದ. ನೂರಾರು ಎತ್ತುಗಳ ಚೌಕಾಶಿ ಮಾಡಿದ ಮನುಷ್ಯ. ಲಾಭ ನಷ್ಟದ ಲೆಕ್ಕ ಕಣ್ಣರೆಪ್ಪೆ ಬಡಿಯುವುದರೊಳಗೆ ಮುಗಿಯಿತು. ಅವನು ಮೇಡಂ ಕಡೆ ತಿರುಗಿ ಮೆಲ್ಲಗೆ ಕೈ ಮುಗಿದ.

"ವಿರೂಪಾಕ್ಷಪ್ಪ ನಾನ್ರಿ. ಈಗ ನೆನಪಾತು. ಈ ಹೆಣ್ಣಮಗಳು ಯಾರೋ, ನನಗ ಗುರ್ತಿಲ್ರಿ."

ಹುಡುಗರು ಚಪ್ಪಾಳೆ ಹೊಡೆದರು. ಒಬ್ಬಿಬ್ಬರು ಹುಡುಗಿಯರು ಅತ್ತೇಬಿಟ್ಟರು. ಕಟ್ಟೆಯ ಮೇಲಿಂದ ಹಣಮಂತಪ್ಪ, "ಹಂಗಾರ ನಾ ಯಾರು?" ಎಂದು ಗಾಬರಿಯಿಂದ ಕೇಳಿದ.

"ಕಾಕಾ!" ಎಂದ ಸಿದ್ಧಾರೂಢ.

"ಅಪ್ಪಾ ಅನ್ನಪಾ ಮಗನ," ಎಂದ ಬಸಯ್ಯ. ಅವನ ಕೈಯನ್ನು ಮುಳುಗುವವನಂತೆ ಗಟ್ಟಿ ಹಿಡಿದುಕೊಂಡ.

ಮೇಡಂ ಸಿದ್ಧಾರೂಢನ ಮುಖ ನೋಡಿದರು, ಫೋನಿನಲ್ಲಿದ್ದ ಪೋಸ್ಟರಿನ ಕೊನೆಯ ಸಾಲು ನೋಡಿದರು, ಮತ್ತೆ ಮುಖ ನೋಡಿದರು. "ಅಂದ್ರ ಈ ಮಗಾ ನೀನ? ನಿಮ್ಮಪ್ಪನ್ನ ಹುಡಕಾಕ ಇಡೀ ಕ್ಲಾಸು ಬಿಸಿಲಾಗ ತಿರಗಾಕತ್ತಿತ್ತು, ನೀ ಇಲ್ಲಿ ಕುಂತು ಚಹಾ ಕುಡಿಯಾಕತ್ತಿದ್ದಿ? ಮ್ಯಾಲೆ ಅಪ್ಪನ್ನ ಸಿನೆಮಾ ಅಂತೀ? ನಾಳೆ ಎಲ್ಲಾರ ಮುಂದ ನಿಂತು ಆತ್ಮಾವಲೋಕನ ಮಾಡ್ಕೋ. ಮಾರ್ಕ್ಸಿನ ಮಾತು ಮುಂದಿನ ವರ್ಷ ನೋಡೂಣು."

ಟಂಟಂಗಳು ಹೊರಟವು. ಹಜರತಸಾಬ ಉಳಿದ ಮುದುಕರನ್ನು ಅವರವರ ಊರಿಗೆ ಮುಟ್ಟಿಸಲು ಹತ್ತಿಸಿಕೊಂಡ; ಹಣಮಂತಪ್ಪ ನೂರಬಿಯ ಕಿತ್ತಲಿಯನ್ನು ತಿರುತಿರುಗಿ ನೋಡುತ್ತ ಹೋದ. ಬಸಯ್ಯ ಸಿದ್ಧಾರೂಢನ ಮನೆಯಲ್ಲಿ ಮಂಚದ ಮೇಲೆ ಕಾಲು ಚಾಚಿದ.

"ಆಕಿ ಸಿಟ್ಟ ಇಳಿಯೂತನಕ ನಾ ಇಲ್ಲೇ ಸಿದ್ದೂ. ಒಂದ ದಿನ, ಎರಡ ದಿನ."

ದೀಪ ಹಚ್ಚುವ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಯಲ್ಲವ್ವ. ಕೈಯಲ್ಲಿ ಕಸಬರಿಗೆ ಇರಲಿಲ್ಲ, ಒಂದು ಬಟ್ಟೆಯ ಗಂಟಿತ್ತು. ಸಿದ್ಧಾರೂಢ ಆಕೆಯ ಕಾಲಿಗೇ ಬಿದ್ದ. "ಕಾಕು, ಅದು ಸಿನೆಮಾನ ಕಾಕು. ಕಮಲಾಕ್ಷಿ ಇಲ್ಲ. ಇವರು ಕಾಕಾನ. ಸುಳ್ಳ ನಾಟಕಾ ಮಾಡಾಕತ್ತಾರ. ಕರಕೊಂಡ ಹೋಗ್ರಿ."

"ಗೊತ್ತೈತೇಳೋ," ಎಂದಳು ಯಲ್ಲವ್ವ ದನಿ ತಗ್ಗಿಸಿ. "ನೂರಬಿ ಎಲ್ಲಾ ಹೇಳಿದಳು, ಅಂಟು ಕುದಿಸಿದ್ದರಿಂದ ಹಿಡದು. ಆ ಮನಶ್ಯಾಗ ಇನ್ನೊಬ್ಬಾಕಿನ್ನ ಸಾಕೂ ತಾಕತ್ತು ಎಲ್ಲೈತಿ?" ಒಳಗೆ ಇಣುಕಿ ಮಂಚದ ಕಡೆ ನೋಡಿದಳು. ಬಸಯ್ಯ ತಟ್ಟನೆ ಗೊರಕೆ ಶುರು ಮಾಡಿದ. ಯಲ್ಲವ್ವನ ಮುಖದಲ್ಲಿ ಸಣ್ಣಗೆ ನಗು ಬಂತು. "ಆದರ ತುಂಬಿದ ಸಭಾದಾಗ ನನಗ ಗುರ್ತಿಲ್ಲ ಅಂದನಲ್ಲ, ನನಗೂ ಅವನ ಗುರ್ತಿಲ್ಲ. ಲಗ್ನ ಆದಾಗಿಂದ ಒಂದ ವಾರ ತಂಗಿ ಮನ್ಯಾಗ ಇದ್ದು ಬರತೇನಿ ಅಂದ್ರ, ಯಾರ ರೊಟ್ಟಿ ಮಾಡತಾರ ಅಂತಿದ್ದ. ನಾಳೆ ಮೊದಲನೇ ಬಸ್ಸಿಗೆ ನಾನೂ ರಾಚವ್ವನೂ ರಾಮದುರ್ಗಕ್ಕ ತಂಗಿ ಮನಿಗೆ ಹೊಂಟೇವಿ."

"ಯಾವಾಗ ಬರತೀರಿ ಕಾಕು?"

"ನೋಡೂಣು." ಆಕೆ ಗಂಟನ್ನು ಅವನ ಕೈಗೆ ತುರುಕಿದಳು. "ನಿಮ್ಮಪ್ಪನ ಧೋತರ ಅದಾವ. ಎದ್ದ ಕೂಡಲೇ ಬಿಸಿನೀರು ಬೇಕ ಅವಗ. ರೊಟ್ಟಿ ತೆಳ್ಳಗಿರಬೇಕು, ದಪ್ಪಾದರ ತಿನ್ನೂದಿಲ್ಲ. ರಾತ್ರಿ ಹಿಮ್ಮಡ ಒತ್ತಬೇಕು."

ಆಕೆ ಹೋದಳು. ಎದುರು ಮನೆಯಿಂದ ಇಬ್ಬರು ಹೆಂಗಸರು ನಗುವ ಸದ್ದು ಓಣಿಯ ತುಂಬ ಹರಡಿತು. ಗೊರಕೆ ನಿಂತಿತು.

"ಮಗಾ," ಎಂದು ಮಂಚದ ಮೇಲಿಂದ ದನಿ ಬಂತು, "ಹೊಟ್ಟಿ ಹಸದೈತಿ ನೋಡು. ರೊಟ್ಟಿ ಆದುವೇನು?"

ಸಿದ್ಧಾರೂಢ ಗಂಟನ್ನು ಗೂಟಕ್ಕೆ ಸಿಕ್ಕಿಸಿ, ಜೋಳದ ಹಿಟ್ಟಿನ ಡಬ್ಬಿ ಎಲ್ಲಿದೆಯೆಂದು ಹುಡುಕುತ್ತ ಅಡುಗೆಮನೆಗೆ ಹೋದ.